ಇನ್ಸುಲಿನ್ ಎಂಬ ರಸದ ವೃತ್ತಾಂತ

ಈ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯ ಲೇಖನವೊಂದು ಬೇಕೆಂದು ಸಂಪಾದಕ ಸಮಿತಿಯವರು ಕೇಳಿಕೊಂಡಾಗ, ನಾನು ಶಾಲೆಯ ಕಟ್ಟಡದ ಚರಿತ್ರೆಯನ್ನೋ ಪರೀಕ್ಷೆಗಳ ಫಲಿತಾಂಶವನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದರೆಂದು ತೋರುತ್ತದೆ. ಆ ಸಂಗತಿಗಳು ವಾರ್ಷಿಕ ವರದಿಯಲ್ಲಿ ಹೇಗೂ ಬರುವವು. ನಾನಾದರೋ ನಮ್ಮ ವಿದ್ಯಾರ್ಥಿನಿಲಯದ ವಾರ್ಡನ್ ಅಮ್ಮನವರ ಕೋಣೆಯ ಮೂಲೆಯಲ್ಲಿರುವ ಒಂದು ಮಡಕೆಯ ವಿಷಯವಾಗಿ ಬರೆಯಲು ಮನಸ್ಸು ಮಾಡಿದ್ದೇನೆ. ದೊಡ್ಡದೊಂದು ಮಣ್ಣಿನ ಮಡಕೆ. ಅದರೊಳಗೆ ಚಿಕ್ಕದೊಂದು ಮಡಕೆ. ಎರಡರ ನಡುವೆ ಒದ್ದೆ ಮರಳು. ವಿದ್ಯುತ್ತು ಹೋಗಿ ಫ್ರಿಜ್ಜು ನಿಂತುಹೋಗುವ ಬೇಸಗೆಯ ದಿವಸಗಳಲ್ಲಿ ಇನ್ಸುಲಿನ್ ಎಂಬ ಔಷಧದ ಸೀಸೆಗಳು ಕೆಡದ ಹಾಗೆ ಅದರೊಳಗೆ ಇಡಲ್ಪಡುತ್ತವೆ. ಕಳೆದ ಎಂಟು ವರುಷಗಳಲ್ಲಿ ಮೂವರು ಬಾಲಿಕೆಯರು ಆ ಔಷಧದ ಬಲದಿಂದ ನಮ್ಮಲ್ಲಿದ್ದು ಓದಿದ್ದಾರೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರೂ ಉಪಾಧ್ಯಾಯಿನಿಯರೂ ದಾದಿಯರೂ ಆಗಿರುವದರಿಂದ, ಈ ವೃತ್ತಾಂತವು ಅವರ ಕಣ್ಣಿಗೆ ಬೀಳಬೇಕೆಂಬದು ನನ್ನ ಆಶೆ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ. 1993ರಲ್ಲಿ ನಾನು ಬೇರೊಂದು ಊರಿನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದಾಗ, ನಮಗಿಂತ ಎರಡು ತರಗತಿ ಮೇಲೆ ಒಬ್ಬ ಅಕ್ಕನಿದ್ದಳು. ಬಹು ಇಂಪಾಗಿ ಹಾಡುವಳು. ಚಿಕ್ಕವರಿಗೆ ಲೆಕ್ಕ ಹೇಳಿಕೊಡುವಳು. ಬೆಳಗಿನ ಗಂಟೆ ಹೊಡೆಯುವ ಮುಂಚೆಯೇ ಆಕೆ ಎದ್ದು, ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಸ್ನಾನದ ಮನೆಯ ಹಿಂದಕ್ಕೆ ಹೋಗಿ ಬರುತ್ತಿದ್ದಳು. ಕೆಲವರು ಆಕೆಗೆ ಮೂರ್ಛೆರೋಗವಿದೆಯೆಂದರು. ಕೆಲವರು ಅದಕ್ಕಿಂತಲೂ ಕೆಟ್ಟ ಮಾತುಗಳನ್ನಾಡಿದರು. ದೊಡ್ಡವರಲ್ಲಿ ಯಾರೂ ನಮಗೆ ಏನನ್ನೂ ಹೇಳಲಿಲ್ಲ. ದಸರೆಯ ರಜೆಗೆ ಮನೆಗೆ ಹೋದವಳು ತಿರಿಗಿ ಬರಲಿಲ್ಲ. ಮುಂದಿನ ಮಳೆಗಾಲದೊಳಗೆ ಜ್ವರದಿಂದ ತೀರಿಕೊಂಡಳೆಂಬ ವರ್ತಮಾನ ಬಂತು. ಅನೇಕ ವರುಷಗಳ ನಂತರ ಕಾಲೇಜಿನಲ್ಲಿ ಶರೀರಶಾಸ್ತ್ರದ ಪಾಠ ಕೇಳುತ್ತಿರುವಾಗ, ತೀರದ ಬಾಯಾರಿಕೆ, ಬತ್ತಿದ ಮೈ, ದಿನಕ್ಕೆ ಎರಡಾವರ್ತಿ ಸೂಜಿಮದ್ದು ಎಂಬ ಮಾತುಗಳು ಕಿವಿಗೆ ಬಿದ್ದವು. ಆ ಅಕ್ಕನ ಹಾಸಿಗೆಯ ಪಕ್ಕದಲ್ಲಿ ಯಾವಾಗಲೂ ಇರುತ್ತಿದ್ದ ನೀರಿನ ತಂಬಿಗೆಯು ಥಟ್ಟನೆ ನನ್ನ ಕಣ್ಣ ಮುಂದೆ ಬಂತು. ಆಕೆಯನ್ನು ಬದುಕಿಸುತ್ತಿದ್ದ ಔಷಧವನ್ನು ಆಕೆ ಕದ್ದ ಪದಾರ್ಥದ ಹಾಗೆ ಅಡಗಿಸಿಕೊಂಡು ತಿರುಗಬೇಕಾಗಿತ್ತು.

ಔಷಧವೆಂದೆನಷ್ಟೆ, ನಿಜವಾಗಿ ಅದು ಔಷಧವಲ್ಲ. ನಿಮ್ಮ ನನ್ನ ಶರೀರದಲ್ಲಿ ಈ ಕ್ಷಣದಲ್ಲಿಯೂ ಹುಟ್ಟುತ್ತಿರುವ ರಸವದು. ಇಂಥಾ ರಸಗಳಿಗೆ ಹಾರ್ಮೋನು ಎಂಬ ಹೆಸರನ್ನು 1905ರಲ್ಲಿ ಲಂಡನಿನ ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಶರೀರಶಾಸ್ತ್ರಜ್ಞರು ಬಳಕೆಗೆ ತಂದರು. ಎಬ್ಬಿಸು, ಪ್ರೇರಿಸು ಎಂಬ ಅರ್ಥವುಳ್ಳ ಗ್ರೀಕ್ ಮಾತಿನಿಂದ ಅದು ಬಂದಿದೆ. ತರಗತಿಯಲ್ಲಿ ನಾನು ಇದನ್ನು ಸುತ್ತೋಲೆಯ ಉಪಮಾನದಿಂದ ತಿಳಿಸುವದುಂಟು. ನಮ್ಮ ಆಫೀಸಿನಿಂದ ಸುತ್ತೋಲೆಯ ಪುಸ್ತಕವನ್ನು ಹಿಡಿದುಕೊಂಡು ಜವಾನನು ಹೊರಡುತ್ತಾನೆ. ಎಲ್ಲಾ ಕೋಣೆಗಳ ಮುಂದೆಯೂ ಅವನು ಹಾದುಹೋಗುವನು. ಆದರೆ ಯಾವ ಉಪಾಧ್ಯಾಯಿನಿಯ ಹೆಸರು ಅದರಲ್ಲಿದೆಯೋ ಆಕೆ ಮಾತ್ರ ಓದಿ ರುಜು ಹಾಕಿ ಆ ಪ್ರಕಾರ ನಡೆಯುವಳು. ಹಾಗೆಯೇ ಗ್ರಂಥಿಯಿಂದ ಹೊರಟ ಹಾರ್ಮೋನು ರಕ್ತದಲ್ಲಿ ಸರ್ವಾಂಗವನ್ನೂ ಸುತ್ತುತ್ತದೆ. ಆದರೆ ಅದನ್ನು ಹಿಡಿದುಕೊಳ್ಳತಕ್ಕ ಗ್ರಾಹಕವೆಂಬ ಪ್ರೋಟೀನು ಯಾವ ಜೀವಕೋಶದಲ್ಲಿದೆಯೋ ಅಲ್ಲಿ ಮಾತ್ರ ಅದರ ಅಪ್ಪಣೆ ನಡೆಯುತ್ತದೆ. ಸುತ್ತೋಲೆಗಳು ಬಹಳ ಹೊತ್ತು ತಿರುಗುವದೂ ಇಲ್ಲ. ಇನ್ಸುಲಿನಿನ ಒಂದು ಭಾಗವು ರಕ್ತಕ್ಕೆ ಬಂದ ಐದಾರು ನಿಮಿಷಗಳಲ್ಲಿ ಅದರ ಅರ್ಧವು ಅಳಿದುಹೋಗಿರುತ್ತದೆ; ಬೇಕಾದರೆ ಆಫೀಸು ಮತ್ತೆ ಬರೆದು ಕಳುಹಿಸಬೇಕು.

ಆ ಆಫೀಸು ಇರುವದು ಹೊಟ್ಟೆಯ ಹಿಂದಿರುವ ಮೇದೋಜೀರಕ ಗ್ರಂಥಿಯಲ್ಲಿ. 1869ರಲ್ಲಿ ಬರ್ಲಿನಿನ ಪಾಲ್ ಲಾಂಗರ್‌ಹಾನ್ಸ್ ಎಂಬ ವೈದ್ಯವಿದ್ಯಾರ್ಥಿಯು ಸೂಕ್ಷ್ಮದರ್ಶಕದಲ್ಲಿ ಆ ಗ್ರಂಥಿಯನ್ನು ಪರೀಕ್ಷಿಸುತ್ತಾ, ಸಮುದ್ರದಲ್ಲಿ ದ್ವೀಪಗಳಿರುವಂತೆ ಅಲ್ಲಲ್ಲಿ ಬೇರೊಂದು ಬಗೆಯ ಕೋಶಗಳ ಗುಂಪುಗಳಿರುವದನ್ನು ಕಂಡನು. ಅವುಗಳ ಕೆಲಸವೇನೆಂದು ಆತನು ಹೇಳಲಿಲ್ಲ. 1889ರಲ್ಲಿ ಸ್ಟ್ರಾಸ್‌ಬರ್ಗಿನ ಮೇರಿಂಗ್ ಮತ್ತು ಮಿಂಕೋವ್ಸ್ಕಿ ಎಂಬಿಬ್ಬರು ಒಂದು ನಾಯಿಯಿಂದ ಈ ಗ್ರಂಥಿಯನ್ನು ತೆಗೆದುಹಾಕಲು, ಅದಕ್ಕೆ ತೀವ್ರವಾದ ಮಧುಮೇಹ ಹತ್ತಿತು. ದ್ವೀಪಗಳಲ್ಲಿ ಹುಟ್ಟುವ ರಸವು ಸಕ್ಕರೆಯನ್ನು ಅಂಕೆಯಲ್ಲಿಡುತ್ತದೆಂಬ ಊಹೆಯು ಆ ಮೇಲೆ ಬಲವಾಯಿತು. ದ್ವೀಪವೆಂಬರ್ಥದ ಲ್ಯಾಟಿನ್ ಮಾತಿನಿಂದಲೇ ಇನ್ಸುಲಿನ್ ಎಂಬ ಹೆಸರೂ ಬಂತು. ಆದರೆ ಆ ರಸವನ್ನು ಕೈಗೆ ತಂದುಕೊಳ್ಳುವದಕ್ಕೆ ಮೂವತ್ತು ವರುಷ ಮೀರಿ ಹಿಡಿಯಿತು. 1921ರ ಬೇಸಗೆಯಲ್ಲಿ ಕೆನಡಾ ದೇಶದ ಟೊರಾಂಟೊ ಪಟ್ಟಣದಲ್ಲಿ ಬ್ಯಾಂಟಿಂಗ್ ಎಂಬ ಯುವ ಶಸ್ತ್ರವೈದ್ಯರೂ ಬೆಸ್ಟ್ ಎಂಬ ವಿದ್ಯಾರ್ಥಿಯೂ ಪ್ರಾಧ್ಯಾಪಕ ಮ್ಯಾಕ್ಲೌಡರ ಪ್ರಯೋಗಶಾಲೆಯಲ್ಲಿ ಅದನ್ನು ನಾಯಿಗಳ ಗ್ರಂಥಿಯಿಂದ ತೆಗೆದರು. ಕಾಲಿಪ್ ಎಂಬ ರಸಾಯನಜ್ಞರು ಅದನ್ನು ಶುದ್ಧಿಮಾಡಿದರು. 1922ನೇ ಜನವರಿ 11ರಂದು ಲಿಯೊನಾರ್ಡ್ ಥಾಮ್ಸನ್ ಎಂಬ 14 ವರುಷದ ಹುಡುಗನಿಗೆ ಮೊದಲಾಗಿ ಅದನ್ನು ಚುಚ್ಚಲಾಯಿತು. ಆ ಸಲ ಸಾಲದೆಹೋಯಿತು. 23ನೆಯ ತಾರೀಖಿನಲ್ಲಿ ಕಾಲಿಪರು ಶುದ್ಧಮಾಡಿದ ರಸವನ್ನು ಕೊಡಲು, ಹುಡುಗನ ಮೂತ್ರದಲ್ಲಿನ ಸಕ್ಕರೆ ಬಹುತೇಕ ಇಲ್ಲವಾಯಿತು. ಸಾಯುವದಕ್ಕಿದ್ದವನು ಮತ್ತೆ 13 ವರುಷ ಬದುಕಿದನು.

ಅದೇ ವರುಷದ ಆಗಸ್ಟಿನಲ್ಲಿ ಟೊರಾಂಟೊಗೆ ಬಂದ ಒಬ್ಬ ಬಾಲಿಕೆಯ ವೃತ್ತಾಂತವನ್ನು ನಾನು ಹೆಚ್ಚು ಸಾರಿ ನೆನಸುತ್ತೇನೆ. ಎಲಿಜಬೆತ್ ಹ್ಯೂಸ್ ಎಂಬವಳ ತಂದೆಯು ಆಗ ಅಮೇರಿಕ ಸಂಯುಕ್ತ ಸಂಸ್ಥಾನದ ವಿದೇಶಾಂಗ ಕಾರ್ಯದರ್ಶಿ. 1919ರಲ್ಲಿ, 11 ವರುಷದವಳಿದ್ದಾಗ, ಅವಳಿಗೆ ಮಧುಮೇಹ ಕಾಣಿಸಿಕೊಂಡಿತು. ಅಂದಿಗೆ ಇದ್ದ ಚಿಕಿತ್ಸೆಯೆಂದರೆ ಉಪವಾಸವೊಂದೇ. ಫ್ರೆಡರಿಕ್ ಅಲೆನ್ ಎಂಬ ವೈದ್ಯರ ಪಥ್ಯದಲ್ಲಿ, ತೂಕಮಾಡಿ ಬಡಿಸಿದ ತುತ್ತುಗಳನ್ನು ತಿಂದುಕೊಂಡು, ಅವಳು ಮೂರು ವರುಷ ಪ್ರಾಣ ಹಿಡಿದಿದ್ದಳು. ಟೊರಾಂಟೊಗೆ ಬಂದಾಗ ಅವಳಿಗೆ ಹದಿನೈದು ತುಂಬುವದರಲ್ಲಿತ್ತು; ತೂಕವು 45 ಪೌಂಡು, ಅಂದರೆ ಸುಮಾರು 20 ಕಿಲೋಗ್ರಾಂ. ನಮ್ಮ ಒಂದನೆಯ ತರಗತಿಯ ಮಕ್ಕಳ ತೂಕವದು. ಬ್ಯಾಂಟಿಂಗರು ತಮ್ಮ ಕೈಯಿಂದಲೇ ಇನ್ಸುಲಿನ್ ಕೊಡಲಾರಂಭಿಸಿದ ಮೇಲೆ ಅವಳು ರೊಟ್ಟಿಯನ್ನೂ ಆಲೂಗಡ್ಡೆಯನ್ನೂ ತಿಂದು ಮೈ ತುಂಬಿಕೊಂಡಳು. ಕಾಲೇಜಿಗೆ ಹೋದಳು, ಮದುವೆಯಾದಳು, ಮೂವರು ಮಕ್ಕಳ ತಾಯಿಯಾದಳು, 1981ರಲ್ಲಿ 73ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟರಲ್ಲಿ ಅವಳು ತೆಗೆದುಕೊಂಡ ಚುಚ್ಚುಮದ್ದುಗಳು ಸುಮಾರು 42,000. ಇಷ್ಟೆಲ್ಲಾ ಆದಾಗ್ಯೂ ಈ ಸಂಗತಿಯನ್ನು ಅವಳು ತನ್ನ ಜೀವಮಾನದಲ್ಲಿ ಬಹುಮಟ್ಟಿಗೆ ಎಲ್ಲರಿಂದಲೂ ಮರೆಮಾಡಿದಳು. ಐಶ್ವರ್ಯವೂ ವಿದ್ಯೆಯೂ ದೊಡ್ಡ ಮನೆತನವೂ ಇದ್ದವಳೇ ಹೀಗೆ ಮಾಡಿದಳೆಂದರೆ, ಸ್ನಾನದ ಮನೆಯ ಹಿಂದೆ ನಿಂತಿದ್ದ ನಮ್ಮ ಅಕ್ಕನ ಮಾತೇನು?

ಮರೆಮಾಡಬೇಕಾದದ್ದು ಅದರಲ್ಲಿ ಏನಿದೆಯೆಂದು ತಿಳಿಯಬೇಕಾದರೆ ಆ ರಸದ ರಚನೆಯನ್ನೇ ಸ್ವಲ್ಪ ನೋಡಬೇಕು. ಇನ್ಸುಲಿನ್ ಒಂದು ಪ್ರೋಟೀನು. ಪ್ರೋಟೀನುಗಳೆಲ್ಲಾ ಅಮೈನೋ ಆಮ್ಲಗಳೆಂಬ ಸುಮಾರು ಇಪ್ಪತ್ತು ಬಗೆಯ ಮಣಿಗಳನ್ನು ಪೋಣಿಸಿದ ಸರಗಳು. ಯಾವ ಮಣಿಯ ಪಕ್ಕದಲ್ಲಿ ಯಾವ ಮಣಿಯಿದೆಯೆಂಬದನ್ನು ಒಂದು ಪ್ರೋಟೀನಿನಲ್ಲಿ ಮೊದಲಿಂದ ಕಡೆಯ ವರೆಗೆ ಮೊದಲಾಗಿ ಓದಿದವರು ಕೇಂಬ್ರಿಜ್ಜಿನ ಫ್ರೆಡರಿಕ್ ಸ್ಯಾಂಗರ್; ಅವರು ಓದಿದ್ದು ಇನ್ಸುಲಿನನ್ನೇ. ಸರದ ತುದಿಯ ಮಣಿಗೆ ಹಳದಿ ಬಣ್ಣ ಹತ್ತುವಂತೆ ಮಾಡಿ, ಸರವನ್ನು ತುಂಡುತುಂಡಾಗಿ ಒಡೆದು, ತುಂಡುಗಳನ್ನು ಹೋಲಿಸಿ ಹೋಲಿಸಿ, ಹತ್ತು ವರುಷಗಳಷ್ಟು ದುಡಿದು 1955ರಲ್ಲಿ ಅವರು ಆ ಕಾರ್ಯವನ್ನು ಪೂರೈಸಿದರು. ಎರಡು ಸರಗಳು: ಗಿಡ್ಡದರಲ್ಲಿ 21 ಮಣಿ, ಉದ್ದದರಲ್ಲಿ 30, ಒಟ್ಟು 51. ಗಂಧಕದ ಎರಡು ಸೇತುವೆಗಳು ಸರಗಳನ್ನು ಒಂದಕ್ಕೊಂದು ಬಿಗಿಯುತ್ತವೆ. ಮೂರನೆಯದು ಗಿಡ್ಡ ಸರದೊಳಗೇ ಇದೆ. ಹಂದಿಯ ಇನ್ಸುಲಿನಿಗೂ ಮನುಷ್ಯರದಕ್ಕೂ ಇರುವ ಭೇದವು ಒಂದೇ ಮಣಿ, ಉದ್ದ ಸರದ ಕಟ್ಟಕಡೆಯದು. ದನದ್ದರಲ್ಲಿ ಅದೂ ಅಲ್ಲದೆ ಗಿಡ್ಡ ಸರದಲ್ಲಿ ಮತ್ತೆರಡು ಮಣಿ ಬೇರೆ. ಆದ್ದರಿಂದಲೇ 1922ರಿಂದ ಅರುವತ್ತು ವರುಷಗಳ ಕಾಲ ಕಸಾಯಿಖಾನೆಯ ದನಹಂದಿಗಳ ಗ್ರಂಥಿಗಳಿಂದ ತೆಗೆದ ರಸವು ಮನುಷ್ಯರನ್ನು ಬದುಕಿಸಿತು. ಎರಡನೆಯ ಮಹಾಯುದ್ಧದಲ್ಲಿ ಶಾಂಘೈ ಪಟ್ಟಣಕ್ಕೆ ಔಷಧ ಬರುವದು ನಿಂತಾಗ, ಅಲ್ಲಿ ನಿರಾಶ್ರಿತಳಾಗಿದ್ದ ಈವಾ ಸ್ಯಾಕ್ಸ್ಲ್ ಎಂಬ ಮಧುಮೇಹದ ಹೆಂಗಸು ತನ್ನ ಗಂಡನೊಂದಿಗೆ ಸೇರಿ ಎಮ್ಮೆಕೋಣಗಳ ಗ್ರಂಥಿಯಿಂದ ಇನ್ಸುಲಿನ್ ಮಾಡಿ, ಮೊಲಗಳ ಮೇಲೆ ಪರೀಕ್ಷಿಸಿ, ತಾನೂ ಬದುಕಿ ಇತರರನ್ನೂ ಬದುಕಿಸಿದಳು.

ಮಣಿಗಳ ಕ್ರಮ ತಿಳಿದರೂ ಸರವು ಯಾವ ಆಕಾರದಲ್ಲಿ ಮಡಚಿಕೊಂಡಿದೆಯೆಂಬದು ತಿಳಿಯಲಿಲ್ಲ. ಅದನ್ನು ಕಂಡವರು ಒಬ್ಬ ಸ್ತ್ರೀ. ನಮ್ಮ ಬಾಲಿಕೆಯರಿಗೆ ಈ ಹೆಸರು ಪಾಠವಾಗಬೇಕೆಂದು ನಾನು ಬಯಸುತ್ತೇನೆ. ಆಕ್ಸ್‌ಫರ್ಡಿನ ಡೊರೊತಿ ಹಾಜ್‌ಕಿನ್ ಇನ್ಸುಲಿನಿನ ಹರಳಿನ ಕ್ಷ-ಕಿರಣಚಿತ್ರವನ್ನು ಪ್ರಕಟಿಸಿದ್ದು 1935ರಲ್ಲಿ. ಅದರ ರಚನೆಯನ್ನು ಪ್ರಕಟಿಸಿದ್ದು 1969ರಲ್ಲಿ. ನಡುವೆ 34 ವರುಷ! ಅಷ್ಟರೊಳಗೆ ಪೆನಿಸಿಲಿನ್ ಮತ್ತು ಬಿ-12 ಜೀವಸತ್ವದ ರಚನೆಗಳನ್ನು ಕಂಡುಹಿಡಿದು 1964ರಲ್ಲಿ ನೊಬೆಲ್ ಬಹುಮಾನ ಪಡೆದದ್ದಾಯಿತು. ಮೂವರು ಮಕ್ಕಳನ್ನು ಬೆಳಸಿದ್ದಾಯಿತು. ಯೌವನದಲ್ಲಿಯೇ ಹತ್ತಿದ ಸಂಧಿವಾತದಿಂದ ಕೈಬೆರಳುಗಳು ಸೊಟ್ಟಗಾದವು. ಆದಾಗ್ಯೂ ಇನ್ಸುಲಿನನ್ನು ಅವರು ಬಿಡಲಿಲ್ಲ. ಆ ಹರಳಿನಲ್ಲಿ ಎರಡು ಸತುವಿನ ಪರಮಾಣುಗಳಿಗೆ ಹೊಂದಿಕೊಂಡು ಆರಾರು ಇನ್ಸುಲಿನ್ ಅಣುಗಳು ಒಟ್ಟುಗೂಡಿರುತ್ತವೆ. 1969ರ ಆ ಪ್ರಬಂಧದ ಲೇಖಕರಲ್ಲಿ ಎಂ. ವಿಜಯನ್ ಎಂಬವರೂ ಒಬ್ಬರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದು ಹಾಜ್‌ಕಿನ್ನರ ಬಳಿಗೆ ಹೋದ ಅವರು, ತಿರಿಗಿ ಬಂದು ಅದೇ ಸಂಸ್ಥೆಯಲ್ಲಿ ಪ್ರೋಟೀನುಗಳ ಹರಳುಶಾಸ್ತ್ರವನ್ನು ಬೆಳಸಿದರು, 2022ರಲ್ಲಿ ಕಾಲವಾದರು.

ಈ ಸರಗಳನ್ನು ಶರೀರವು ಬೇರೆಬೇರೆಯಾಗಿ ಪೋಣಿಸುವದಿಲ್ಲವೆಂದು 1967ರಲ್ಲಿ ಷಿಕಾಗೋದ ಡೊನಾಲ್ಡ್ ಸ್ಟೈನರ್ ತೋರಿಸಿಕೊಟ್ಟರು. ನಮ್ಮ 11ನೆಯ ವರ್ಣತಂತುವಿನಲ್ಲಿ ಬರೆದಿರುವ ಜೀನಿನ ಪ್ರಕಾರ ದ್ವೀಪದ ಬೀಟಾಕೋಶಗಳು ಮೊದಲು 110 ಮಣಿಗಳ ಒಂದೇ ಉದ್ದ ಸರವನ್ನು ಹೊಸೆಯುತ್ತವೆ. ಅದರ ತಲೆಯ 24 ಮಣಿಗಳು ದಾರಿ ತೋರಿಸುವ ಕೆಲಸ ಮುಗಿಸಿ ಉದುರುತ್ತವೆ. ಉಳಿದದ್ದು ಮಡಚಿಕೊಂಡು ಗಂಧಕದ ಸೇತುವೆಗಳು ಬಿಗಿಯಾದ ಮೇಲೆ, ಕಿಣ್ವಗಳು ನಡುವಿನ ತುಂಡನ್ನು ಕತ್ತರಿಸಿ ಬೇರ್ಪಡಿಸುತ್ತವೆ. ದರ್ಜಿಯು ಬಟ್ಟೆ ಹೊಲಿದು ಮುಗಿಸಿ ಟಾಕಿನ ದಾರವನ್ನು ಕಿತ್ತುಹಾಕುವ ಹಾಗೆ. ಆ ನಡುತುಂಡೂ ರಕ್ತಕ್ಕೆ ಬರುವದರಿಂದ, ಅದನ್ನು ಅಳೆದು ರೋಗಿಯ ಶರೀರವು ಸ್ವಂತವಾಗಿ ಎಷ್ಟು ಇನ್ಸುಲಿನ್ ಮಾಡುತ್ತದೆಂದು ವೈದ್ಯರು ತಿಳಿಯುತ್ತಾರೆ. 1978ರಲ್ಲಿ ಮನುಷ್ಯರ ಇನ್ಸುಲಿನಿನ ಸಂಕೇತವನ್ನು ಬ್ಯಾಕ್ಟೀರಿಯಾದೊಳಗಿಟ್ಟು ಅದರಿಂದಲೇ ಸರಗಳನ್ನು ಮಾಡಿಸಿದರು. 1982ರಲ್ಲಿ ಆ ಇನ್ಸುಲಿನಿಗೆ ಅಮೇರಿಕದಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯವರು 2004ರಲ್ಲಿ ಯೀಸ್ಟಿನಿಂದ ಮಾಡಿದ ಇನ್ಸುಲಿನನ್ನು ಮಾರಾಟಕ್ಕೆ ತಂದರು. ಹಿಟ್ಟನ್ನು ಹುದುಗಿಸುವ ಜಾತಿಗೆ ಸೇರಿದ ಜೀವಿಯು ನಮ್ಮ ಜೀವರಸವನ್ನು ಮಾಡಿಕೊಡುವದೆಂದರೆ ಅಡಿಗೆಯ ಮನೆಯ ಹೆಂಗಸರಾದ ನಮಗೆ ಆಶ್ಚರ್ಯವೇ ಸರಿ.

ಸುತ್ತೋಲೆಯು ತಲಪಿದ ಮೇಲೆ ನಡೆಯುವದೇನು? ಸ್ನಾಯುವಿನ ಮತ್ತು ಕೊಬ್ಬಿನ ಕೋಶಗಳ ಗೋಡೆಯಲ್ಲಿ ಅರ್ಧ ಹೊರಗೂ ಅರ್ಧ ಒಳಗೂ ಚಾಚಿಕೊಂಡಿರುವ ಗ್ರಾಹಕವನ್ನು ಇನ್ಸುಲಿನ್ ಹೊರಗಿನಿಂದ ಮುಟ್ಟಿದ ಕೂಡಲೇ, ಅದರ ಒಳಗಿನ ಭಾಗಗಳು ಒಂದಕ್ಕೊಂದು ರಂಜಕದ ಗುರುತನ್ನು ಅಂಟಿಸುತ್ತವೆ. ಆ ಗುರುತು ಒಬ್ಬರಿಂದೊಬ್ಬರಿಗೆ ದಾಟುತ್ತಾ ಹೋಗಿ, ಕಡೆಗೆ ಕೋಶದ ಒಳಗೆ ಮಡಚಿಟ್ಟಿದ್ದ ಗ್ಲೂಕೋಸಿನ ಬಾಗಿಲುಗಳು ಗೋಡೆಗೆ ಬಂದು ಸೇರುತ್ತವೆ. ರಕ್ತದ ಸಕ್ಕರೆ ಒಳಹೊಗುತ್ತದೆ. ಯಕೃತ್ತಿಗೆ, ಸಕ್ಕರೆ ಸಾಕು, ಇನ್ನು ಹೊರಗೆ ಬಿಡಬೇಡವೆಂಬ ಅಪ್ಪಣೆಯೂ ಅದೇ ಸುತ್ತೋಲೆಯಲ್ಲಿರುತ್ತದೆ. ಅಪ್ಪಣೆಯೇ ಬಾರದೆಹೋದರೆ, ಸಕ್ಕರೆಯ ಹೊಳೆಯ ನಡುವೆ ಕೋಶಗಳು ಹಸಿದಿರುವವು. ಶರೀರವು ಕೊಬ್ಬನ್ನು ಸುಡಲಾರಂಭಿಸುವದು. ಅದರಿಂದ ಹುಟ್ಟುವ ಆಮ್ಲಗಳು ರಕ್ತದಲ್ಲಿ ತುಂಬಿ, ಹೊಟ್ಟೆನೋವು, ವಾಂತಿ, ದೀರ್ಘಶ್ವಾಸ, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ, ಕಡೆಗೆ ಎಚ್ಚರ ತಪ್ಪುವದು. ಆ ಮೇಲಿನದನ್ನು ಬರೆಯಬೇಕಾದದ್ದಿಲ್ಲ.

ಇನ್ನೊಬ್ಬ ಸ್ತ್ರೀಯ ಕೆಲಸವೂ ಇಲ್ಲಿ ಬರಬೇಕು. ನ್ಯೂಯಾರ್ಕಿನ ರೊಸಾಲಿನ್ ಯಾಲೊ ತಮ್ಮ ಸಹೋದ್ಯೋಗಿ ಬರ್ಸನರೊಂದಿಗೆ, ರಕ್ತದಲ್ಲಿ ಅತಿಸೂಕ್ಷ್ಮವಾಗಿರುವ ಇನ್ಸುಲಿನನ್ನು ಅಳೆಯುವ ವಿಧಾನವನ್ನು 1960ರ ಹೊತ್ತಿಗೆ ಕಂಡುಹಿಡಿದರು. ಅವರ ಮೊದಲಿನ ಪ್ರಬಂಧವನ್ನು ಪತ್ರಿಕೆಯವರು ತಿರಸ್ಕರಿಸಿದ್ದರು. 1977ರಲ್ಲಿ ನೊಬೆಲ್ ಬಹುಮಾನ ಬಂದಾಗ ಆ ತಿರಸ್ಕಾರದ ಕಾಗದವನ್ನು ಆಕೆ ತಮ್ಮ ಉಪನ್ಯಾಸದಲ್ಲಿ ತೋರಿಸಿದರೆಂಬದು ನನಗೆ ಬಹಳ ಹಿಡಿಸಿದ ಸಂಗತಿ. ಅವರು ಅಳೆದು ನೋಡಲು, ನಡುವಯಸ್ಸಿನಲ್ಲಿ ಮಧುಮೇಹ ಬಂದವರ ರಕ್ತದಲ್ಲಿ ಇನ್ಸುಲಿನ್ ಧಾರಾಳವಾಗಿಯೇ ಇತ್ತು. ಅಂದರೆ ಅಲ್ಲಿ ಸುತ್ತೋಲೆ ಬರುತ್ತದೆ, ಓದಿದವರು ಲಕ್ಷ್ಯಮಾಡುವದಿಲ್ಲ. ನಮ್ಮ ಬಾಲಿಕೆಯರಿಗೆ ಬರುವದು ಇದಲ್ಲ. ಅವರಲ್ಲಿ ಆಫೀಸೇ ಸುಟ್ಟುಹೋಗಿರುತ್ತದೆ. ರೋಗಾಣುಗಳೊಡನೆ ಹೋರಾಡಬೇಕಾದ ರಕ್ತದ ಕಾವಲು ಕೋಶಗಳು ಏನೋ ಭ್ರಮೆಗೊಂಡು ಸ್ವಂತ ಬೀಟಾಕೋಶಗಳನ್ನೇ ಶತ್ರುಗಳೆಂದು ಬಗೆದು ಹಾಳುಮಾಡುತ್ತವೆ. ಬಾಯಾರಿಕೆ ಕಾಣಿಸುವ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವು ನಾಶವಾಗಿರುತ್ತವೆ. ಹಿರಿಯರಿಗೆ ಬರುವ ಸಕ್ಕರೆ ಕಾಯಿಲೆಗೂ ಇದಕ್ಕೂ ಹೆಸರೊಂದೇ. ಪಥ್ಯ, ಗುಳಿಗೆ, ಕಷಾಯ, ಹಾಗಲಕಾಯಿಯ ರಸ ಇವುಗಳಿಂದ ಇದು ಗುಣವಾಗುವದಿಲ್ಲ. ಇನ್ಸುಲಿನ್ ನಿಲ್ಲಿಸಿ ಅವುಗಳನ್ನು ನಂಬಿದ ಮಗುವು ಉಳಿಯದು. ಈ ಒಂದು ವಾಕ್ಯವನ್ನು ಓದುವದಕ್ಕಾಗಿಯಾದರೂ ತಾಯಂದಿರು ಈ ಲೇಖನವನ್ನು ಓದಬೇಕು.

ಆರು ವರುಷಗಳ ಹಿಂದೆ ಎಂಟನೆಯ ತರಗತಿಗೆ ಸೇರಿದ ಒಬ್ಬ ಬಾಲಿಕೆಯ ತಾಯಿ, ಎಲ್ಲಾ ಕಾಗದಗಳಿಗೂ ರುಜು ಹಾಕಿದ ಮೇಲೆ, ಬಾಗಿಲು ಮುಚ್ಚಬಹುದೇ ಎಂದು ಕೇಳಿದರು. ಕೈಚೀಲದಿಂದ ಔಷಧದ ಸೀಸೆಗಳನ್ನು ತೆಗೆದು ನನ್ನ ಮೇಜಿನ ಮೇಲಿಟ್ಟು, ಅಳುತ್ತಾ, “ಚಿಕ್ಕಂದಿನಲ್ಲಿ ನಾನೇ ಇವಳಿಗೆ ಸಿಹಿ ಹೆಚ್ಚಾಗಿ ತಿನ್ನಿಸಿದೆನು, ಅಮ್ಮನವರೇ. ಅತ್ತೆಯವರು ಇಂದಿಗೂ ಅದನ್ನೇ ಆಡುತ್ತಾರೆ” ಅಂದರು. ಸಿಹಿ ತಿನ್ನುವದರಿಂದ ಈ ಕೋಶಗಳು ಸಾಯುವದಿಲ್ಲವೆಂದು ನಾನು ಮೇಲೆ ಬರೆದದ್ದನ್ನೆಲ್ಲಾ ಒಂದು ಹಾಳೆಯಲ್ಲಿ ಚಿತ್ರ ಬರೆದು ತಿಳಿಸಿದೆನು. ಆ ಹಾಳೆಯನ್ನು ಅವರು ಮಡಚಿ ರವಿಕೆಯೊಳಗೆ ಇಟ್ಟುಕೊಂಡರು. ಅತ್ತೆಯವರಿಗೆ ತೋರಿಸುವದಕ್ಕೋ ಏನೋ. ಆದರೆ ಅವರ ಮುಖ್ಯ ಬಿನ್ನಹವು ಬೇರೆಯಿತ್ತು. “ಈ ಸಂಗತಿ ನಮ್ಮ ನಿಮ್ಮೊಳಗೇ ಇರಲಿ. ನಾಳೆ ಮದುವೆಯ ಮಾತು ಬಂದಾಗ ಯಾರಾದರೂ ಎತ್ತಿ ಆಡಿದರೆ ನಾವೇನು ಮಾಡೋಣ?”

ಈ ಮಾತನ್ನು ತಳ್ಳಿಹಾಕುವದು ಸುಲಭವಲ್ಲ. ಆ ತಾಯಿಯ ಹೆದರಿಕೆಯು ಲೋಕವನ್ನು ಕಂಡ ಹೆದರಿಕೆ. ಆದರೆ ಗುಟ್ಟಿಗಿಂತ ಪ್ರಾಣವು ದೊಡ್ಡದಷ್ಟೆ. ವಾರ್ಡನ್ ಅಮ್ಮನವರು, ತರಗತಿಯ ಉಪಾಧ್ಯಾಯಿನಿ, ಆಟದ ಉಪಾಧ್ಯಾಯಿನಿ, ಪಕ್ಕದ ಹಾಸಿಗೆಯ ಗೆಳತಿ, ಈ ನಾಲ್ವರಿಗೆ ತಿಳಿದಿರಬೇಕು; ಅದಕ್ಕೆ ಒಪ್ಪದಿದ್ದರೆ ನಾನು ಹುಡುಗಿಯನ್ನು ಹಾಸ್ಟೆಲಿನಲ್ಲಿ ಇಟ್ಟುಕೊಳ್ಳಲಾರೆನೆಂದು ಹೇಳಿದೆನು. ಮಿಕ್ಕವರಿಗೆ ಹೇಳುವದೂ ಬಿಡುವದೂ ಹುಡುಗಿಯ ಇಷ್ಟ. ಅವಳನ್ನು ಒಳಗೆ ಕರೆದು ಕೇಳಿದಾಗ, ಬಹಳ ಹೊತ್ತು ನೆಲ ನೋಡುತ್ತಿದ್ದು, “ಹೇಳುತ್ತೇನೆ ಟೀಚರ್. ಆದರೆ ಯಾವಾಗ ಎಂದು ನೀವು ಕೇಳಬಾರದು” ಅಂದಳು. ನಾನು ಕೇಳಲಿಲ್ಲ.

ಮದುವೆಯ ವಿಷಯವಾಗಿ ವೈದ್ಯಶಾಸ್ತ್ರವು ಹೇಳುವದನ್ನೂ ಇಲ್ಲಿಯೇ ಬರೆದುಬಿಡುತ್ತೇನೆ. ಈ ಬಗೆಯ ಮಧುಮೇಹವಿರುವವರು ಎಚ್ಚರಿಕೆಯಿಂದ ಸಕ್ಕರೆಯನ್ನು ಅಂಕೆಯಲ್ಲಿಟ್ಟುಕೊಂಡರೆ ಆರೋಗ್ಯವಂತರಾದ ಮಕ್ಕಳನ್ನು ಹೆರುತ್ತಾರೆ. ತಾಯಿಗೆ ಇದ್ದರೆ ಮಗುವಿಗೆ ಬರುವ ಸಂಭವವು ನೂರರಲ್ಲಿ ಕೆಲವು ಮಾತ್ರ. ತಂದೆಗೆ ಇದ್ದರೆ ಅದು ಇನ್ನೂ ಹೆಚ್ಚು. ಹೀಗಿದ್ದರೂ ಸಂಬಂಧ ನೋಡಲು ಬಂದವರು ವಧುವಿನ ಆರೋಗ್ಯವನ್ನಲ್ಲದೆ ವರನ ರಕ್ತವನ್ನು ವಿಚಾರಿಸಿದ್ದನ್ನು ನಾನು ಕಂಡಿಲ್ಲ.

ಎರಡು ಸಂಗತಿಗಳನ್ನು ಹೇಳಬೇಕು. ಅವಳು ಒಂಬತ್ತನೆಯ ತರಗತಿಗೆ ಬಂದಾಗ ವಿದ್ಯಾರ್ಥಿನಿಯರನ್ನು ಹಂಪೆಗೆ ಕರೆದುಕೊಂಡು ಹೋಗಲಾಯಿತು. ಬಸ್ಸಿನಲ್ಲಿ ಐವತ್ತು ಜನ, ಮರೆಯಿರುವ ಸ್ಥಳವಿಲ್ಲ, ಬೆಳಗ್ಗೆಯ ಮತ್ತು ಮಧ್ಯಾಹ್ನದ ಸೂಜಿಯನ್ನು ಅವಳು ಬಿಟ್ಟುಬಿಟ್ಟಳು. ಸಾಯಂಕಾಲಕ್ಕೆ ವಾಂತಿ ಪ್ರಾರಂಭವಾಯಿತು. ಬಿಸಿಲಿನಿಂದ ಪಿತ್ತ ಕೆರಳಿದೆ, ನಿಂಬೆಹಣ್ಣಿನ ಶರಬತ್ತು ಕೊಡಿ ಎಂದು ಹೇಳುವವರೇ ಎಲ್ಲರೂ. ತರಗತಿಯ ಉಪಾಧ್ಯಾಯಿನಿಗೆ ವಿಷಯ ತಿಳಿದಿದ್ದರಿಂದ ಬೆರಳಿನ ರಕ್ತವನ್ನು ಯಂತ್ರದಲ್ಲಿ ನೋಡಿ, ಶರಬತ್ತನ್ನು ಪಕ್ಕಕ್ಕಿಟ್ಟು, ಬಸ್ಸನ್ನು ಹೊಸಪೇಟೆಯ ಕಡೆಗೆ ತಿರುಗಿಸಿ ಆಸ್ಪತ್ರೆಗೆ ಸೇರಿಸಿದರು. ಎರಡು ದಿನ ಸಲೈನಿನ ಮೇಲೆ ಇದ್ದು ಹುಡುಗಿ ಚೇತರಿಸಿಕೊಂಡಳು. ಅದೇ ಉಪಾಧ್ಯಾಯಿನಿಗೆ ತಿಳಿಯದೆ ಇದ್ದಿದ್ದರೆ ಎಂದು ನಾನು ರಾತ್ರಿ ಎಷ್ಟೋ ಸಾರಿ ಯೋಚಿಸಿದ್ದೇನೆ. ಆ ಯೋಚನೆಯಲ್ಲೆಲ್ಲಾ ನನ್ನ ಬೋರ್ಡಿಂಗಿನ ಅಕ್ಕನ ಮುಖವು ಬರುತ್ತದೆ.

ಇನ್ನೊಂದು ಇದಕ್ಕೆ ವಿರೋಧವಾದದ್ದು. ಪೂರ್ವಸಿದ್ಧತಾ ಪರೀಕ್ಷೆಯ ದಿವಸ ಸೂಜಿ ತೆಗೆದುಕೊಂಡು ಸರಿಯಾಗಿ ಉಣ್ಣದೆ ಬಂದಿದ್ದಳು. ಗಣಿತದ ಪ್ರಶ್ನೆಪತ್ರಿಕೆಯ ನಡುವೆ ಮೈ ಬೆವತು, ಕೈ ನಡುಗಿ, ಒಂದೇ ಲೆಕ್ಕವನ್ನು ನಾಲ್ಕು ಸಾರಿ ಬರೆದಳು. ಆಗ ಬೇಕಾದದ್ದು ಇನ್ಸುಲಿನಲ್ಲ, ಸಕ್ಕರೆ: ಮೂರು ಚಿಕ್ಕ ಚಮಚ ನೀರಿನಲ್ಲಿ ಕದಡಿ ಕ್ಷಣವೂ ತಡಮಾಡದೆ ಕೊಡಬೇಕು, ಕಾಲು ಗಂಟೆಯ ಮೇಲೆ ರಕ್ತವನ್ನು ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು. ಅಂದಿನಿಂದ ನಮ್ಮ ಪ್ರತಿ ಪರೀಕ್ಷಾ ಕೊಠಡಿಯ ಮೇಜಿನ ಮೇಲೆ ಸಕ್ಕರೆಯ ಪೊಟ್ಟಣವೊಂದು ಇರುತ್ತದೆ. ಹೊರಗಿನಿಂದ ಬಂದ ಮೇಲ್ವಿಚಾರಕರೊಬ್ಬರು ಅದನ್ನು ಚಹಕ್ಕೆಂದು ತಿಳಿದು ಹಾಕಿಕೊಂಡರು. ಅವರಿಗೂ ವಿಷಯವನ್ನು ತಿಳಿಸಿದ್ದಾಯಿತು.

ಹಂಪೆಯಿಂದ ಬಂದ ನಾಲ್ಕು ತಿಂಗಳ ಮೇಲೆ, ವಿಜ್ಞಾನ ಪ್ರದರ್ಶನಕ್ಕೆ ತಾನು ಇನ್ಸುಲಿನಿನ ಮಾದರಿಯನ್ನು ಮಾಡುವೆನೆಂದು ಅವಳಾಗಿಯೇ ವಿಜ್ಞಾನದ ಉಪಾಧ್ಯಾಯಿನಿಗೆ ಹೇಳಿದಳು. ಪೇಟೆಯಿಂದ ಗಾಜಿನ ಮಣಿಗಳು ಬಂದವು. ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು ಬಣ್ಣ. ಥ್ರಿಯೊನಿನಿಗೆ ಹಸುರು, ಅಲನಿನಿಗೆ ಬಿಳಿ. ಇಪ್ಪತ್ತೊಂದು ಮಣಿಯ ಸರ, ಮೂವತ್ತು ಮಣಿಯ ಸರ, ತಾಮ್ರದ ತಂತಿಯ ಮೂರು ಸೇತುವೆ. ಪ್ರದರ್ಶನದ ದಿವಸ ಅವಳು ಅದರ ಪಕ್ಕದಲ್ಲಿ ನಿಂತು ಬಂದವರಿಗೆಲ್ಲಾ ವಿವರಿಸುತ್ತಿದ್ದಳು. ಒಂದು ಗಂಟೆಯಾಗಲು, ಪಕ್ಕದ ಹಾಸಿಗೆಯ ಗೆಳತಿಯು ಊಟದ ತಟ್ಟೆಯನ್ನು ತಂದುಕೊಟ್ಟಳು. ಅವಳು ಚೀಲದಿಂದ ಸೂಜಿಯ ಲೇಖನಿಯನ್ನು ತೆಗೆದು, ಎದುರಿಗಿದ್ದವರ ಮುಂದೆಯೇ ಅಳತೆಯನ್ನು ತಿರುಗಿಸಿ, “ಇದರೊಳಗೆ ಇರುವದು ಇದೇ” ಎಂದು ಸರವನ್ನು ತೋರಿಸಿ, ತೋಳಿಗೆ ಚುಚ್ಚಿಕೊಂಡು, ಬಿಟ್ಟ ವಾಕ್ಯದಿಂದ ವಿವರಣೆಯನ್ನು ಮುಂದುವರಿಸಿದಳು. ತಾಯಿಯೂ ಆ ದಿನ ಬಂದಿದ್ದರು. ಹಿಂದೆ ಕಂಬಕ್ಕೆ ಒರಗಿ ನಿಂತಿದ್ದರು. ನಾನು ಅವರನ್ನು ಮಾತಾಡಿಸಲಿಲ್ಲ.

ಅವಳು ಈಗ ನರ್ಸಿಂಗ್ ಓದುತ್ತಿದ್ದಾಳೆ. ಮಾದರಿಯು ನಮ್ಮ ಪ್ರಯೋಗಶಾಲೆಯ ಗೋಡೆಯ ಮೇಲಿದೆ. ಕಳೆದ ವರುಷ ಧೂಳು ಹೊಡೆಯುವಾಗ ಉದ್ದ ಸರದ ಕಡೆಯ ಹಸುರು ಮಣಿ ಉದುರಿ ಒಡೆದುಹೋಯಿತು. ಪ್ರಯೋಗಶಾಲೆಯ ಸಹಾಯಕಳು ಯಾರಿಗೂ ಹೇಳದೆ, ಡಬ್ಬಿಯಲ್ಲಿ ಉಳಿದಿದ್ದ ಬಿಳಿಯ ಮಣಿಯೊಂದನ್ನು ಅಲ್ಲಿ ಅಂಟಿಸಿಬಿಟ್ಟಳು. ವಿಜ್ಞಾನದ ಉಪಾಧ್ಯಾಯಿನಿಯು ಅದನ್ನು ಕಂಡು ನಕ್ಕು, ಇದೀಗ ಹಂದಿಯ ಇನ್ಸುಲಿನಾಯಿತೆಂದರು. ಪರವಾಯಿಲ್ಲ, ಅದೂ ಅರುವತ್ತು ವರುಷ ಜನರನ್ನು ಬದುಕಿಸಿದೆ ಎಂದು ಹೇಳಿ, ಹಾಗೆಯೇ ಬಿಟ್ಟಿದ್ದೇವೆ.